ಹಳದಿ ಪುಡಿಯೊಂದೇ ಸಾಕೇ? ಎಂಟಿಟಿ ಮತ್ತು ಅದರ ನಾಲ್ಕು ಪ್ರತಿಸ್ಪರ್ಧಿಗಳ ವಿಮರ್ಶೆ

ಫಾರ್ಮಸಿ ಕಾಲೇಜು, ಬಯೋಟೆಕ್ನಾಲಜಿ ವಿಭಾಗ, ಸಣ್ಣ ಸ್ಟಾರ್ಟಪ್ ಲ್ಯಾಬ್, ಯಾವುದರ ಖರೀದಿ ಪಟ್ಟಿ ತೆಗೆದರೂ "ಎಂಟಿಟಿ, 1 ಗ್ರಾಂ" ಎಂಬ ಸಾಲು ಸಿಕ್ಕೇ ಸಿಗುತ್ತದೆ. ಹೊಸ ಅಣುವಿರಲಿ, ಅಮೃತಬಳ್ಳಿಯ ಸಾರವಿರಲಿ, ಜೀವಕೋಶಗಳ ಮೇಲೆ ಸುರಿದು "ಎಷ್ಟು ಉಳಿದವು, ಎಷ್ಟು ಸತ್ತವು" ಎಂದು ಕೇಳುವ ಮೊದಲ ಪರೀಕ್ಷೆ ಈ ಹಳದಿ ಪುಡಿಯದ್ದೇ. ಅದರ ಪಕ್ಕದಲ್ಲಿ ಈಗ ಸಿಸಿಕೆ-8, ರೆಸಜುರಿನ್, ಎಟಿಪಿ ಕಿಟ್, ಎಸ್‌ಆರ್‌ಬಿ ಕೂಡ ಸಾಲಾಗಿ ನಿಂತಿವೆ. ಡೀಲರುಗಳ ಕ್ಯಾಟಲಾಗಿನಲ್ಲಿ ಎಲ್ಲಕ್ಕೂ ಒಂದೇ ತಲೆಬರಹ: ಸೆಲ್ ವಯಬಿಲಿಟಿ. ಆದರೆ ಜೀವಕೋಶ ಬದುಕಿದೆಯೇ ಎಂದು ಇವುಗಳಲ್ಲಿ ಯಾವುದೂ ನೇರವಾಗಿ ಅಳೆಯುವುದಿಲ್ಲ. ಒಂದು ಕಿಣ್ವಗಳ ಚಟುವಟಿಕೆ ನೋಡುತ್ತದೆ, ಇನ್ನೊಂದು ಜೀವಕೋಶದ ಶಕ್ತಿಯ ಅಣುವಾದ ಎಟಿಪಿ ಎಣಿಸುತ್ತದೆ, ಮತ್ತೊಂದು ಪ್ಲೇಟಿಗೆ ಅಂಟಿಕೊಂಡ ಪ್ರೋಟೀನನ್ನು ತೂಗುತ್ತದೆ. ಹಾಗಾಗಿ ಬೆಲೆ ಮತ್ತು ಅನುಕೂಲ ನೋಡಿದರೆ ಸಾಲದು. ಯಾವ ಬಾಟಲಿ ಯಾವ ಮಾದರಿಯ ಮುಂದೆ ಸುಳ್ಳು ಹೇಳುತ್ತದೆ ಎಂಬುದು ಕೊಳ್ಳುವ ಮೊದಲೇ ಗೊತ್ತಿರಬೇಕು.

ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಎಫ್‌ಡಿಎ ಮಾಡರ್ನೈಸೇಶನ್ ಆ್ಯಕ್ಟ್ 2.0 ಜಾರಿಗೆ ಬಂತು. ಭಾರತದಲ್ಲಿ 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ನಿಯಮಗಳಿಗೆ 2023ರಲ್ಲಿ ತಿದ್ದುಪಡಿ ಆಯಿತು. ಪ್ರಾಣಿಗಳ ಮೇಲಿನ ಪ್ರಯೋಗದ ಜೊತೆಗೆ, ಅಥವಾ ಅದರ ಬದಲಿಗೆ, ಜೀವಕೋಶ ಆಧಾರಿತ ಪರೀಕ್ಷೆಗಳನ್ನೂ ಒಪ್ಪಬಹುದು ಎನ್ನುವ ಬಾಗಿಲು ಎರಡೂ ಕಡೆ ತೆರೆದಿದೆ. ಈ ಪರೀಕ್ಷೆಗಳು ನಡೆಯುವ 96-ವೆಲ್ ಪ್ಲೇಟಿನ (96 ಪುಟ್ಟ ಗುಳಿಗಳ ತಟ್ಟೆ) ಮೇಲೆ ಬೀಳುವ ಭಾರ ಇನ್ನು ಹೆಚ್ಚುವುದೇ ಹೊರತು ತಗ್ಗುವುದಿಲ್ಲ.

ಎಂಟಿಟಿ: ಅಗ್ಗ, ಗಟ್ಟಿ, ಆದರೆ ಮೋಸ ಹೋಗುವುದು ಸುಲಭ

1983ರಲ್ಲಿ ಟಿಮ್ ಮಾಸ್‌ಮನ್ ಪ್ರಕಟಿಸಿದ ವಿಧಾನವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಹಳದಿ ಬಣ್ಣದ ಟೆಟ್ರಾಜೋಲಿಯಂ ಉಪ್ಪು ಜೀವಕೋಶದ ಒಳಗೆ ಹೋಗುತ್ತದೆ, ಅಲ್ಲಿನ ರಿಡಕ್ಟೇಸ್ ಕಿಣ್ವಗಳು ಅದನ್ನು ನೇರಳೆ ಬಣ್ಣದ ಫಾರ್ಮಜಾನ್ ಹರಳಾಗಿ ಮಾರ್ಪಡಿಸುತ್ತವೆ. ಆ ಹರಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಬಣ್ಣದ ಗಾಢತೆ ಅಳೆದರೆ ಮುಗಿಯಿತು. ಈ ಕೆಲಸ ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದಲ್ಲಿ ಮಾತ್ರ ಆಗುತ್ತದೆ ಎಂದು ಪ್ರಬಂಧಗಳಲ್ಲಿ ಇನ್ನೂ ಬರೆಯುವುದುಂಟು. ಬೆರಿಡ್ಜ್ ಮತ್ತು ಟ್ಯಾನ್ 1993ರಲ್ಲೇ ತೋರಿಸಿದಂತೆ, ಬಹುಪಾಲು ಎಂಟಿಟಿ ನೇರಳೆಗೆ ತಿರುಗುವುದು ಮೈಟೋಕಾಂಡ್ರಿಯದ ಹೊರಗೆ, ಎಲೆಕ್ಟ್ರಾನ್ ಕೊಡುವ ಎನ್‌ಎಡಿಎಚ್ ಮತ್ತು ಎನ್‌ಎಡಿಪಿಎಚ್ ಅಣುಗಳನ್ನು ಬಳಸುವ ಕಿಣ್ವಗಳಿಂದ. ಆದ್ದರಿಂದ "ಮೈಟೋಕಾಂಡ್ರಿಯಕ್ಕೆ ಹಾನಿಯಾಗಿದೆ" ಎಂಬ ತೀರ್ಮಾನಕ್ಕೆ ಎಂಟಿಟಿ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಕಷ್ಟ. ಪ್ರತಿ ಮಿ.ಲೀ.ಗೆ 5 ಮಿ.ಗ್ರಾಂನಂತೆ ಸ್ಟಾಕ್ ಮಾಡಿದರೆ 1 ಗ್ರಾಂನಿಂದ 200 ಮಿ.ಲೀ. ಬರುತ್ತದೆ. ವೆಲ್ ಒಂದಕ್ಕೆ 10 ಮೈಕ್ರೋಲೀಟರ್ ಎಂದರೆ 20,000 ವೆಲ್, ಅಂದರೆ 200ಕ್ಕೂ ಮೀರಿ ಪ್ಲೇಟು. ಮರೆಯಬಾರದ ಇನ್ನೊಂದು ಖರ್ಚಿದೆ: ಅಷ್ಟು ಪ್ಲೇಟುಗಳ ಹರಳು ಕರಗಿಸಲು ಸುಮಾರು 2 ಲೀಟರ್ ಡಿಎಂಎಸ್‌ಒ ಬೇಕು. ಪುಡಿ ಯಾವ ಕಂಪನಿಯದು ಎಂಬುದಕ್ಕಿಂತ ಸರಿಯಾಗಿ ಇಟ್ಟಿದ್ದಾರೆಯೇ ಎಂಬುದು ಮುಖ್ಯ. ಬಾಟಲಿ ಬಂದ ದಿನವೇ ಜೀವಕೋಶಗಳಿಲ್ಲದ ಮೀಡಿಯಂಗೆ (ಜೀವಕೋಶ ಬೆಳೆಸುವ ಪೋಷಕ ದ್ರವ) ಎಂಟಿಟಿ ಹಾಕಿ 4 ಗಂಟೆ ಇಟ್ಟು ಪ್ಲೇಟ್ ರೀಡರಿನಲ್ಲಿ 570 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಓದಿ. ಓದು 0.1ರ ಆಸುಪಾಸಿನಲ್ಲಿ ನಿಂತರೆ ಸರಿ. ಅದಕ್ಕಿಂತ ಬಹಳ ಮೇಲಿದ್ದರೆ ಪುಡಿ ಬೆಳಕು ಕಂಡಿರಬಹುದು, ಇಲ್ಲವೇ ಮೀಡಿಯಂನಲ್ಲಿ ಬ್ಯಾಕ್ಟೀರಿಯಾ ಸೇರಿರಬಹುದು. ಬ್ಯಾಕ್ಟೀರಿಯಾ ಕೂಡ ಎಂಟಿಟಿಯನ್ನು ಸಂತೋಷದಿಂದ ನೇರಳೆ ಮಾಡುತ್ತದೆ.

ಬಳಸುವ ಕ್ರಮ ಹೀಗೆ. ಪುಡಿಯನ್ನು ಪಿಬಿಎಸ್ ಎಂಬ ಉಪ್ಪಿನ ಬಫರಿನಲ್ಲಿ ಕರಗಿಸಿ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಫಾಯಿಲ್ ಸುತ್ತಿ 4 ಡಿಗ್ರಿಯಲ್ಲಿಡಿ. ತಿಂಗಳುಗಟ್ಟಲೆ ಇಡುವುದಾದರೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿ. ಔಷಧ ಹಾಕಿದ ಅವಧಿ ಮುಗಿದ ಮೇಲೆ 100 ಮೈಕ್ರೋಲೀಟರ್ ಮೀಡಿಯಂಗೆ 10 ಮೈಕ್ರೋಲೀಟರ್ ಸ್ಟಾಕ್ ಸೇರಿಸಿ, 37 ಡಿಗ್ರಿಯಲ್ಲಿ 2ರಿಂದ 4 ಗಂಟೆ ಕತ್ತಲಲ್ಲಿಡಿ. ಮೈಕ್ರೋಸ್ಕೋಪಿನಲ್ಲಿ ನೇರಳೆ ಸೂಜಿಗಳು ಕಂಡ ಮೇಲೆ ಮೀಡಿಯಂ ಮೆಲ್ಲಗೆ ತೆಗೆದು 100 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿ, 10 ನಿಮಿಷ ಅಲುಗಾಡಿಸಿ, 570ರಲ್ಲಿ ಓದಿ. ಗೀರು, ಕಸ, ಬೆರಳಚ್ಚಿನ ಪ್ರಭಾವ ಕಳೆಯಲು 630ರಲ್ಲೂ ಒಮ್ಮೆ ಓದಿ.

ಕೈ ತಪ್ಪುವುದು ಬಹುತೇಕ ಮೀಡಿಯಂ ತೆಗೆಯುವ ಹಂತದಲ್ಲಿ. ಪ್ಲೇಟನ್ನು ಬೋರಲು ಹಾಕಿ ಕೊಡವಿದರೆ ಸಡಿಲವಾದ ಜೀವಕೋಶಗಳ ಜೊತೆ ಹರಳೂ ಹೋಗುತ್ತದೆ. ಔಷಧದ ಪ್ರಭಾವಕ್ಕೆ ಸಿಕ್ಕ ಜೀವಕೋಶಗಳೇ ಮೊದಲು ಸಡಿಲವಾಗುವುದರಿಂದ ಔಷಧ ಇರುವುದಕ್ಕಿಂತ ಜೋರಾಗಿ ಕಾಣುತ್ತದೆ. ಪಿಪೆಟ್ಟಿನ ತುದಿಯನ್ನು ವೆಲ್‌ನ ಗೋಡೆಗೆ ತಾಗಿಸಿ, ತಳದಲ್ಲಿ 10–15 ಮೈಕ್ರೋಲೀಟರ್ ಬಿಟ್ಟು ತೆಗೆಯುವುದು ಒಳ್ಳೆಯದು. ಕೆ562ದಂಥ ತೇಲುವ ಜೀವಕೋಶಗಳಾದರೆ ಪ್ಲೇಟನ್ನೇ ಸೆಂಟ್ರಿಫ್ಯೂಜ್ ಮಾಡಬೇಕು. ಅದಾಗದಿದ್ದರೆ ಮೀಡಿಯಂ ತೆಗೆಯುವ ಗೋಜಿಗೇ ಹೋಗದೆ, 0.01 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾಡಿದ 10% ಎಸ್‌ಡಿಎಸ್ ಎಂಬ ಮಾರ್ಜಕ ಸುರಿದು ರಾತ್ರಿಯಿಡೀ ಬಿಡಿ. ಮೀಡಿಯಂ ಪೂರ್ತಿ ಇರುವಾಗಲೇ ಡಿಎಂಎಸ್‌ಒ ಹಾಕುವವರೂ ಇದ್ದಾರೆ. ಸೀರಂ ಪ್ರೋಟೀನ್ ಮೊಸರಿನಂತೆ ಒಡೆದು ಓದು ಏರುಪೇರಾಗುತ್ತದೆ. ಡಿಎಂಎಸ್‌ಒದಲ್ಲಿ ಫಾರ್ಮಜಾನಿನ ಬಣ್ಣ ಪಿಎಚ್‌ಗೆ ತಕ್ಕಂತೆ ಬದಲಾಗುವುದರಿಂದ, ವೆಲ್‌ನಿಂದ ವೆಲ್‌ಗೆ ವ್ಯತ್ಯಾಸ ಕಂಡರೆ 25 ಮೈಕ್ರೋಲೀಟರ್ ಗ್ಲೈಸಿನ್ ಬಫರ್ (0.1 ಮೋಲಾರ್ ಗ್ಲೈಸಿನ್, 0.1 ಮೋಲಾರ್ ಉಪ್ಪು, ಪಿಎಚ್ 10.5) ಸೇರಿಸಿದರೆ ಸಮವಾಗುತ್ತದೆ.

ಹಿತ್ತಲ ಗಿಡ ಸಿಕ್ಕಿಬೀಳುವ ಜಾಗ

ಕರ್ನಾಟಕದ ಫಾರ್ಮಸಿ ಕಾಲೇಜುಗಳಲ್ಲಿ ಎಂಟಿಟಿಗೆ ಬೀಳುವ ಮಾದರಿಗಳಲ್ಲಿ ಗಿಡಮೂಲಿಕೆ ಸಾರಗಳ ಪಾಲು ದೊಡ್ಡದು. ಈ ಪುಡಿ ಕೈಕೊಡುವುದೂ ಅಲ್ಲೇ. ಎಂಟಿಟಿಯನ್ನು ನೇರಳೆ ಮಾಡಲು ಬದುಕಿರುವ ಜೀವಕೋಶವೇ ಆಗಬೇಕೆಂದಿಲ್ಲ, ಎಲೆಕ್ಟ್ರಾನ್ ಕೊಡುವ ಯಾವ ರಾಸಾಯನಿಕವಾದರೂ ನಡೆಯುತ್ತದೆ. ಆಸ್ಕಾರ್ಬಿಕ್ ಆಮ್ಲ, ಗ್ಲುಟಾಥಯೋನ್, ಕ್ವೆರ್ಸೆಟಿನ್, ಕ್ಯಾಟೆಚಿನ್‌ಗಳು ಎಲ್ಲವೂ ಆ ಕೆಲಸ ಮಾಡುತ್ತವೆ. ನೆಲ್ಲಿಕಾಯಿ, ನೇರಳೆ ಬೀಜ, ದಾಳಿಂಬೆ ಸಿಪ್ಪೆ, ಅಳಲೆಕಾಯಿಯ ಸಾರಗಳಲ್ಲಿ ಇಂಥ ಪಾಲಿಫಿನಾಲ್‌ಗಳು ತುಂಬಿ ತುಳುಕುತ್ತವೆ. ಪರಿಣಾಮ ಏನೆಂದರೆ, ಜೀವಕೋಶ ಸತ್ತಿದ್ದರೂ ವೆಲ್ ನೇರಳೆಯಾಗಿ ನಿಲ್ಲುತ್ತದೆ. ಕ್ಯಾನ್ಸರ್ ವಿರುದ್ಧ ಪರೀಕ್ಷಿಸುತ್ತಿದ್ದರೆ ಒಳ್ಳೆಯ ಸಾರವೂ "ಕೆಲಸ ಮಾಡಲಿಲ್ಲ" ಎಂದಾಗುತ್ತದೆ, ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಬಣ್ಣದ ದೆಸೆಯಿಂದ ನಿಜವಾಗಿಬಿಡುತ್ತದೆ. ಸುರಕ್ಷತೆ ಪರೀಕ್ಷಿಸುತ್ತಿದ್ದರಂತೂ ಇನ್ನೂ ಕೆಟ್ಟದ್ದು: ವಿಷಕಾರಿ ಸಾರಕ್ಕೆ "ಶೇ. 100 ಸುರಕ್ಷಿತ" ಎಂಬ ಮುದ್ರೆ ಬೀಳುತ್ತದೆ. ಸಾರ ಹಾಕದ ನಿಯಂತ್ರಣ ವೆಲ್‌ಗಿಂತ ಹೆಚ್ಚು, 120, 140 ಪ್ರತಿಶತ ಬದುಕುಳಿಕೆ ಬಂದರೆ "ಸಾರ ಜೀವಕೋಶಗಳನ್ನು ಬೆಳೆಸುತ್ತಿದೆ" ಎಂದು ಬರೆದು ಸಂತೋಷಪಡುವ ಮೊದಲು ಈ ಸಂಶಯ ಬರಬೇಕು.

ತಪಾಸಣೆ ಬಲು ಸುಲಭ, ಖರ್ಚೂ ಇಲ್ಲ. ಜೀವಕೋಶಗಳಿಲ್ಲದ ಮೂರು ವೆಲ್‌ಗೆ ಅದೇ ಮೀಡಿಯಂ, ಅದೇ ಗರಿಷ್ಠ ಪ್ರಮಾಣದ ಸಾರ, ಅದೇ ಎಂಟಿಟಿ, ಅದೇ 4 ಗಂಟೆ. ಬಣ್ಣ ನೇರಳೆಗೆ ತಿರುಗಿದರೆ ಆ ಸಾರಕ್ಕೆ ಎಂಟಿಟಿ ಒಗ್ಗುವುದಿಲ್ಲ. ಲ್ಯಾಬಿನಲ್ಲಿ ಬೆಳೆಸಿದ ಮಾನವ ಚರ್ಮದ ಮೇಲೆ ಕಿರಿಕಿರಿ ಪರೀಕ್ಷಿಸುವ, ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ 439ನೇ ಮಾರ್ಗಸೂಚಿಯೂ ಎಂಟಿಟಿಯನ್ನೇ ನಂಬಿರುವುದರಿಂದ, ವಸ್ತು ತಾನಾಗಿಯೇ ಎಂಟಿಟಿಯನ್ನು ನೇರಳೆ ಮಾಡುತ್ತದೆಯೇ ಎಂದು ಮೊದಲು ನೋಡಿ, ಹೌದಾದರೆ ಸಾಯಿಸಿದ ಅಂಗಾಂಶವನ್ನು ನಿಯಂತ್ರಣವಾಗಿ ಇಡಬೇಕೆಂದು ಅದು ಕೇಳುತ್ತದೆ. ಚರ್ಮಕ್ಕೆ ತಾಗುವ ರಾಸಾಯನಿಕಗಳಿಗೆ ಇಷ್ಟು ಕಟ್ಟುನಿಟ್ಟು ಇರುವಾಗ, ಕುಡಿಯಲು ಕೊಡುವ ಕಷಾಯಕ್ಕೆ ಈ ಮೂರು ವೆಲ್ ಮೀಸಲಿಡದಿರುವುದಕ್ಕೆ ಯಾವ ನೆಪವೂ ಒಪ್ಪತಕ್ಕದ್ದಲ್ಲ.

ಸಾರವಿರುವ ಮೀಡಿಯಂ ತೆಗೆದು, ಬೆಚ್ಚಗಿನ ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು, ಸೀರಂ ಮತ್ತು ಫಿನಾಲ್ ರೆಡ್ ಇಲ್ಲದ ಹೊಸ ಮೀಡಿಯಂನಲ್ಲಿ ಎಂಟಿಟಿ ಹಾಕಿದರೆ ತೊಂದರೆ ಸಾಕಷ್ಟು ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ, ಏಕೆಂದರೆ ಪಾಲಿಫಿನಾಲ್ ಜೀವಕೋಶದ ಒಳಗೂ ಸೇರಿರುತ್ತದೆ, ತೊಳೆದಾಗ ಸಡಿಲ ಜೀವಕೋಶಗಳೂ ಹೋಗುತ್ತವೆ. ಗ್ರೀನ್ ಟೀಯ ಇಜಿಸಿಜಿ ಎಂಬ ಪಾಲಿಫಿನಾಲಿನದ್ದು ಇನ್ನೊಂದು ಬಗೆಯ ಕಿತಾಪತಿ: ಅದು ಮೀಡಿಯಂನಲ್ಲೇ ಆಕ್ಸೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಆಗ ಜೀವಕೋಶವನ್ನು ಕೊಲ್ಲುವುದು ಚಹಾವಲ್ಲ, ಪೆರಾಕ್ಸೈಡ್.

ತಿರುಗಾಮುರುಗಾ ತಪ್ಪೂ ಇದೆ. ಜೀವಕೋಶವನ್ನು ಕೊಲ್ಲದೆ ಅದರ ಚಯಾಪಚಯವನ್ನಷ್ಟೇ ನಿಧಾನ ಮಾಡುವ ಔಷಧ ಎಂಟಿಟಿಯಲ್ಲಿ ಕೊಲೆಗಾರನಂತೆ ಕಾಣುತ್ತದೆ. ಮೂರು ದಿನ ಮೀಡಿಯಂ ಬದಲಿಸದೆ ಗ್ಲೂಕೋಸ್ ಬರಿದಾದರೂ ಓದು ಇಳಿಯುತ್ತದೆ. ಹೀಗಾಗಿ ಎಂಟಿಟಿ ಒಂದರಿಂದಲೇ "ಐಸಿ50 (ಓದನ್ನು ಅರ್ಧಕ್ಕಿಳಿಸುವ ಔಷಧ ಪ್ರಮಾಣ) ಬಂತು" ಎಂದು ಘೋಷಿಸುವ ವರದಿಯನ್ನು ಅರ್ಧವೆಂದೇ ಓದಬೇಕು.

ಎಸ್‌ಆರ್‌ಬಿ: ಈ ವಿಮರ್ಶೆಯಲ್ಲಿ ಹೆಚ್ಚು ಅಂಕ ಇದಕ್ಕೇ

ಸಲ್ಫೋರೋಡಮಿನ್ ಬಿ ಗುಲಾಬಿ ಕೆಂಪಿನ ಬಣ್ಣ. ಆಮ್ಲೀಯ ದ್ರಾವಣದಲ್ಲಿ ಪ್ರೋಟೀನಿಗೆ ಅಂಟುತ್ತದೆ, ಕ್ಷಾರದಲ್ಲಿ ಬಿಟ್ಟುಕೊಡುತ್ತದೆ, ಅಷ್ಟೇ ಇದರ ರಸಾಯನ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 1990ರ ಹೊತ್ತಿಗೆ ತನ್ನ 60 ಬಗೆಯ ಕ್ಯಾನ್ಸರ್ ಜೀವಕೋಶಗಳ ತಪಾಸಣೆಗೆ ಇದನ್ನೇ ಆರಿಸಿಕೊಂಡಿತು. ಮುಂಬೈ ಬಳಿಯ ಟಾಟಾ ಮೆಮೋರಿಯಲ್ ಕೇಂದ್ರದ ಆಕ್ಟ್ರೆಕ್‌ನಲ್ಲಿ ಹೊರಗಿನವರ ಮಾದರಿಗಳನ್ನು ಪರೀಕ್ಷಿಸಿಕೊಡುವ ಸೌಲಭ್ಯವೂ ಎಸ್‌ಆರ್‌ಬಿಯನ್ನೇ ಬಳಸುತ್ತದೆ. ಎಲೆಕ್ಟ್ರಾನ್ ಪಡೆದು ಬಣ್ಣ ಬದಲಿಸುವ ಕೆಲಸ ಇಲ್ಲಿಲ್ಲದ ಕಾರಣ ನೆಲ್ಲಿಕಾಯಿಯ ವಿಟಮಿನ್ ಸಿ ಇದನ್ನು ಯಾಮಾರಿಸಲಾರದು.

ಬಳಸುವಾಗ ತಣ್ಣಗಿನ 50% ಟ್ರೈಕ್ಲೋರೋ ಅಸಿಟಿಕ್ ಆಮ್ಲವನ್ನು ವೆಲ್‌ನಲ್ಲಿ ಕೊನೆಗೆ 10% ಆಗುವಷ್ಟು ಸೇರಿಸಬೇಕು. 200 ಮೈಕ್ರೋಲೀಟರ್ ಮೀಡಿಯಂ ಇದ್ದರೆ 50 ಮೈಕ್ರೋಲೀಟರ್. ಆಮ್ಲವನ್ನು ಮೇಲ್ಮೈ ಮೇಲೆ ಹಗುರವಾಗಿ ಇಳಿಬಿಡಿ, ಪಿಪೆಟ್ಟಿನಿಂದ ಕಲಕಬೇಡಿ. ಪ್ಲೇಟನ್ನು ಅಲುಗಿಸದೆ 4 ಡಿಗ್ರಿಯಲ್ಲಿ 1 ಗಂಟೆ ಇಟ್ಟು, ನೀರಿನಲ್ಲಿ ನಾಲ್ಕೈದು ಸಲ ತೊಳೆದು ಒಣಗಿಸಿ. ನಂತರ 1% ಅಸಿಟಿಕ್ ಆಮ್ಲದಲ್ಲಿ ಕರಗಿಸಿದ 0.4% ಎಸ್‌ಆರ್‌ಬಿ, ವೆಲ್‌ಗೆ 100 ಮೈಕ್ರೋಲೀಟರ್, 10ರಿಂದ 30 ನಿಮಿಷ. ಹೆಚ್ಚಿನ ಬಣ್ಣವನ್ನು ತೊಳೆಯುವುದು ನೀರಿನಲ್ಲಲ್ಲ, 1% ಅಸಿಟಿಕ್ ಆಮ್ಲದಲ್ಲಿ, ಅದೂ ಚುರುಕಾಗಿ ನಾಲ್ಕೈದು ಸಲ. ಮೊದಲ ಸಲ ಮಾಡುವವರು ಎಡವುವುದು ಇಲ್ಲೇ: ನೀರು ಹಾಕಿದರೆ ಪ್ರೋಟೀನಿಗೆ ಅಂಟಿದ ಬಣ್ಣವೂ ಬಿಟ್ಟುಹೋಗುತ್ತದೆ, ನಿಧಾನಿಸಿದರೆ ಒಂದೊಂದು ವೆಲ್ ಒಂದೊಂದು ಬಗೆ. ಒಣಗಿದ ಮೇಲೆ 10 ಮಿಲಿಮೋಲಾರ್ ಟ್ರಿಸ್ ಬೇಸ್ ಹಾಕಿ ಅಲುಗಾಡಿಸಿ, 515 ಅಥವಾ 540ರಲ್ಲಿ ಓದಿ.

ಬಣ್ಣ ಹಾಕಿ ಒಣಗಿಸಿದ ಪ್ಲೇಟು ಹಾಗೇ ಉಳಿಯುತ್ತದೆ. ಸಂಜೆ ಐದಕ್ಕೆ ರೀಡರ್ ಇರುವ ಕೋಣೆಗೆ ಬೀಗ ಬೀಳುವ ಕಾಲೇಜುಗಳಿಗೆ ಇದು ವರದಾನ. ಇನ್ನೊಂದು ಲಾಭವೂ ಇದೆ. ಔಷಧ ಹಾಕುವ ಹೊತ್ತಿಗೇ ಒಂದು ಪ್ಲೇಟನ್ನು ಆಮ್ಲದಲ್ಲಿ ಗಟ್ಟಿಗೊಳಿಸಿಟ್ಟುಕೊಂಡರೆ ಆರಂಭದ ಎಣಿಕೆ ಸಿಗುತ್ತದೆ. ಆಗ "ಬೆಳವಣಿಗೆ ನಿಂತಿದೆ" ಮತ್ತು "ಜೀವಕೋಶ ಸತ್ತಿದೆ" ಎರಡನ್ನೂ ಬೇರ್ಪಡಿಸಬಹುದು. ಕೊನೆಯ ಓದು ಆರಂಭದ ಓದಿಗಿಂತ ಕೆಳಗೆ ಇಳಿದರೆ ಮಾತ್ರ ಕೊಂದಿದೆ ಎನ್ನಬಹುದು, ಮೇಲಿದ್ದರೆ ಬೆಳೆಯದಂತೆ ಹಿಡಿದಿದೆ ಅಷ್ಟೇ. ದೋಷವೂ ಹೇಳಬೇಕು: ಸತ್ತರೂ ಇನ್ನೂ ಅಂಟಿಕೊಂಡಿರುವ ಜೀವಕೋಶವನ್ನು ಎಸ್‌ಆರ್‌ಬಿ ಬದುಕಿದವರ ಲೆಕ್ಕಕ್ಕೇ ಸೇರಿಸುತ್ತದೆ. 6 ಗಂಟೆಯ ಚುಟುಕು ಪರೀಕ್ಷೆಗೆ ಇದು ಸಲ್ಲದು, 48 ಗಂಟೆಯದ್ದಕ್ಕೆ ಸಲ್ಲುತ್ತದೆ.

ಸಿಸಿಕೆ-8: ಅನುಕೂಲಕ್ಕೆ ದುಡ್ಡು

ಜಪಾನಿನ ದೋಜಿಂದೋ ಕಂಪನಿಯ ಈ ಕಿಟ್‌ನಲ್ಲಿ ಡಬ್ಲ್ಯುಎಸ್‌ಟಿ-8 ಎಂಬ ಟೆಟ್ರಾಜೋಲಿಯಂ ಇದೆ. ಇದರ ಫಾರ್ಮಜಾನ್ ನೀರಿನಲ್ಲಿ ಕರಗುವುದರಿಂದ ಮೀಡಿಯಂ ತೆಗೆಯುವುದು, ಡಿಎಂಎಸ್‌ಒ ಹಾಕುವುದು ಎಲ್ಲವೂ ತಪ್ಪುತ್ತದೆ. 100 ಮೈಕ್ರೋಲೀಟರಿಗೆ 10 ಮೈಕ್ರೋಲೀಟರ್ ಹಾಕಿ, 1ರಿಂದ 4 ಗಂಟೆ ಕಾದು 450ರಲ್ಲಿ ಓದಿದರಾಯಿತು. ಒಂದು ಗಂಟೆಗೆ ಓದಿ, ಸಾಲದಿದ್ದರೆ ಪ್ಲೇಟನ್ನು ಮತ್ತೆ ಇನ್ಕ್ಯುಬೇಟರಿಗೆ ಹಾಕಿ ಇನ್ನೊಂದು ಗಂಟೆಗೆ ಓದಬಹುದು. ತೇಲುವ ಜೀವಕೋಶಗಳಿಗೆ ನಿಜಕ್ಕೂ ಒಳ್ಳೆಯ ಆಯ್ಕೆ. 5 ಮಿ.ಲೀ. ಬಾಟಲಿಯಲ್ಲಿ ಐದು ಪ್ಲೇಟು ಮುಗಿಯುತ್ತದೆ, ಲೆಕ್ಕ ಹಾಕಿ ತೆಗೆದುಕೊಳ್ಳಿ.

ಗಿಡಮೂಲಿಕೆಯವರು ಮಾತ್ರ ಇದರಿಂದ ದೂರ ಇರುವುದು ಲೇಸು. ಡಬ್ಲ್ಯುಎಸ್‌ಟಿ-8 ಜೀವಕೋಶದ ಒಳಗೆ ಹೋಗುವುದಿಲ್ಲ, ಮಧ್ಯವರ್ತಿ ಅಣುವಿನ ಸಹಾಯದಿಂದ ಹೊರಗೇ ಬಣ್ಣ ಬದಲಿಸುತ್ತದೆ. ಸಾರವೂ ಅದೇ ಮೀಡಿಯಂನಲ್ಲಿ ತೇಲುತ್ತಿರುವುದರಿಂದ ಇಬ್ಬರ ಭೇಟಿ ತಡವಿಲ್ಲದೆ ನಡೆದುಬಿಡುತ್ತದೆ. ಅದರ ಮೇಲೆ 450 ನ್ಯಾನೋಮೀಟರ್ ಎಂದರೆ ಹಳದಿ ವಸ್ತುಗಳ ಸೀಮೆ. ಅರಿಶಿನದ ಕರ್ಕ್ಯುಮಿನ್ ಬೆಳಕು ಹೀರುವುದು 425ರ ಸುತ್ತ, 450ರಲ್ಲೂ ಅದರ ನೆರಳು ದಟ್ಟವಾಗಿಯೇ ಇರುತ್ತದೆ. "ಹೊಸ ಕಿಟ್, ಆದ್ದರಿಂದ ಹೆಚ್ಚು ನಿಖರ" ಎಂದು ಮಾರುವವರ ಮಾತು ಈ ಮಾದರಿಗಳ ಮಟ್ಟಿಗೆ ಪೂರ್ತಿ ಉಲ್ಟಾ.

ರೆಸಜುರಿನ್: ಬಡವರ ಫ್ಲೋರೆಸೆನ್ಸ್

ಆಲಮಾರ್ ಬ್ಲೂ ಎಂಬ ಹೆಸರಿನಲ್ಲಿ ತಯಾರಿಯಾಗಿ ಬರುವ ದ್ರಾವಣದ ಮೂಲವಸ್ತು ಇದು. ಹಿಂದೆ ಹಾಲಿನ ಗುಣಮಟ್ಟ ನೋಡಲು ಬಳಸಿದ ಬಣ್ಣವೂ ಇದೇ. ಡೇರಿಯಲ್ಲಿ ಮಿಥಿಲೀನ್ ಬ್ಲೂ ಹಾಕಿ ಎಷ್ಟು ಹೊತ್ತಿಗೆ ಬಣ್ಣ ಹೋಗುತ್ತದೆ ಎಂದು ನೋಡಿದವರಿಗೆ ತತ್ವ ಬಿಡಿಸಿ ಹೇಳಬೇಕಿಲ್ಲ. ನೀಲಿ ರೆಸಜುರಿನ್ ಬದುಕಿರುವ ಜೀವಕೋಶದಲ್ಲಿ ಗುಲಾಬಿ ರೆಸೊರೂಫಿನ್ ಆಗುತ್ತದೆ. 560ರಲ್ಲಿ ಬೆಳಕು ಕೊಟ್ಟು 590ರಲ್ಲಿ ಹೊಳಪು ಓದಬೇಕು. ಫ್ಲೋರೆಸೆನ್ಸ್ ರೀಡರ್ ಇಲ್ಲದಿದ್ದರೆ 570 ಮತ್ತು 600ರಲ್ಲಿ ಹೀರುವಿಕೆ ಓದಿಯೂ ಲೆಕ್ಕ ಹಾಕಬಹುದು, ಸೂಕ್ಷ್ಮತೆ ಕಡಿಮೆ.

ಪುಡಿ ಕೊಂಡು ಪಿಬಿಎಸ್‌ನಲ್ಲಿ ಪ್ರತಿ ಮಿ.ಲೀ.ಗೆ 0.15 ಮಿ.ಗ್ರಾಂ ಕರಗಿಸಿ, ಸೋಸಿ, ವೆಲ್‌ಗೆ 20 ಮೈಕ್ರೋಲೀಟರ್ ಹಾಕಿದರೆ ಸಾಕು. ಈ ಲೆಕ್ಕದಲ್ಲಿ 1 ಗ್ರಾಂ ಪುಡಿ ಮೂರು ಸಾವಿರಕ್ಕೂ ಹೆಚ್ಚು ಪ್ಲೇಟಿಗೆ ಬರುತ್ತದೆ. ಒಂದು ವಿಭಾಗದ ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಸಾಲುವಷ್ಟು, ಹಾಗಾಗಿ 5 ಗ್ರಾಂ ಬಾಟಲಿಯ ರಿಯಾಯಿತಿಗೆ ಮರುಳಾಗಬೇಡಿ. ಹೊತ್ತು ಮೀರಿ ಇಟ್ಟರೆ ಗುಲಾಬಿ ಬಣ್ಣ ಇನ್ನೂ ಮುಂದೆ ಹೋಗಿ ಬಣ್ಣವೇ ಇಲ್ಲದ ರೂಪ ತಾಳುತ್ತದೆ. ಆಗ ಜೀವಕೋಶ ಹೆಚ್ಚಿರುವ ವೆಲ್‌ನಲ್ಲೇ ಓದು ಕುಸಿದು, ನಿಯಂತ್ರಣಕ್ಕಿಂತ ಔಷಧ ಹಾಕಿದ ವೆಲ್ ಚೆನ್ನಾಗಿ ಕಾಣುತ್ತದೆ. ಎರಡು, ಮೂರು, ನಾಲ್ಕು ಗಂಟೆಗೆ ಓದಿ ಸಾಲು ನೇರವಾಗಿ ಏರುತ್ತಿರುವ ಹೊತ್ತನ್ನೇ ಆರಿಸಿಕೊಳ್ಳಿ. ಎಂಟಿಟಿಯ ಸೂಜಿಯಂಥ ಹರಳು ಜೀವಕೋಶಕ್ಕೆ ಹಾನಿ ಮಾಡುತ್ತದೆ. ರೆಸಜುರಿನ್ ಅಷ್ಟಾಗಿ ಮಾಡುವುದಿಲ್ಲ, ಆದ್ದರಿಂದ ಅದೇ ಪ್ಲೇಟನ್ನು ತೊಳೆದು ಎಸ್‌ಆರ್‌ಬಿಗೂ ಬಳಸಬಹುದು. ಒಂದೇ ಪ್ಲೇಟಿನಿಂದ ಎರಡು ಉತ್ತರ.

ಎಟಿಪಿ ಕಿಟ್: ಉಪಕರಣ ಇದ್ದರೆ ಮಾತ್ರ

ಪ್ರೊಮೆಗಾ ಕಂಪನಿಯ ಸೆಲ್‌ಟೈಟರ್-ಗ್ಲೋ ಈ ವರ್ಗದಲ್ಲಿ ಹೆಚ್ಚು ಬಳಕೆಯ ಹೆಸರು. ಜೀವಕೋಶ ಒಡೆದು ಒಳಗಿನ ಎಟಿಪಿಯನ್ನು ಲೂಸಿಫೆರೇಸ್ ಕಿಣ್ವದ ಮೂಲಕ ಬೆಳಕಾಗಿಸುತ್ತದೆ. ಪ್ಲೇಟು ಅರ್ಧ ಗಂಟೆ ಕೋಣೆಯ ತಾಪಕ್ಕೆ ಬರಲಿ, 100 ಮೈಕ್ರೋಲೀಟರಿಗೆ 100 ಮೈಕ್ರೋಲೀಟರ್ ಸೇರಿಸಿ, 2 ನಿಮಿಷ ಅಲುಗಾಡಿಸಿ, 10 ನಿಮಿಷ ಕಾದು ಓದಿ. ಗೋಡೆ ಬಿಳಿ ಇರುವ ಪ್ಲೇಟೇ ಬೇಕು, ಪಾರದರ್ಶಕ ಪ್ಲೇಟಿನಲ್ಲಿ ಪಕ್ಕದ ವೆಲ್‌ನ ಬೆಳಕು ಸೋರುತ್ತದೆ. ಈ ಬೆಳಕು ಅಳೆಯುವ ಲ್ಯುಮಿನೋಮೀಟರ್ ಇಲ್ಲದವರು ಇದರ ಸುದ್ದಿಗೇ ಹೋಗಬೇಕಿಲ್ಲ. 10 ಮಿ.ಲೀ. ಕಿಟ್ ಒಂದೇ ಪ್ಲೇಟಿಗೆ ಖಾಲಿ.

ಇದ್ದವರಿಗೆ ಮಾತ್ರ ಇದು ಎಲ್ಲಕ್ಕಿಂತ ಸೂಕ್ಷ್ಮ, ಎಲ್ಲಕ್ಕಿಂತ ಕಡಿಮೆ ಕೈಕೆಲಸ. ಉಂಡೆಯಾಗಿ ಬೆಳೆಸಿದ ಸ್ಫೆರಾಯ್ಡ್‌ಗಳಿಗೆ 3ಡಿ ಆವೃತ್ತಿಯನ್ನೇ ಕೊಳ್ಳಿ, ಮಾಮೂಲಿಯದು ಉಂಡೆಯ ನಡುವಿನವರೆಗೆ ಸರಿಯಾಗಿ ಇಳಿಯುವುದಿಲ್ಲ. ಇದರ ಸುಳ್ಳು ಬೇರೆ ಬಗೆಯದು: ಲೂಸಿಫೆರೇಸನ್ನೇ ತಡೆಯುವ ವಸ್ತು ಇದ್ದರೆ ಬೆಳಕು ಇಳಿದು ಜೀವಕೋಶ ಸತ್ತಂತೆ ಕಾಣುತ್ತದೆ. ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ಅಂಥದ್ದು. ಜೀವಕೋಶಗಳಿಲ್ಲದ ಮೀಡಿಯಂಗೆ 1 ಮೈಕ್ರೋಮೋಲಾರ್ ಎಟಿಪಿ ಮತ್ತು ಔಷಧ ಹಾಕಿ ಓದಿದರೆ ಗುಟ್ಟು ಬಯಲಾಗುತ್ತದೆ.

ಯಾವ ಬಾಟಲಿಯೂ ಸರಿಪಡಿಸಲಾಗದ ತಪ್ಪುಗಳು

ಪ್ಲೇಟಿನ ಅಂಚಿನ 36 ವೆಲ್‌ಗಳಲ್ಲಿ ನೀರು ಬೇಗ ಆರುತ್ತದೆ. ಅವುಗಳಿಗೆ 200 ಮೈಕ್ರೋಲೀಟರ್ ಪಿಬಿಎಸ್ ತುಂಬಿ ಒಳಗಿನ 60ನ್ನು (ಆರಾರು ವೆಲ್‌ನ ಹತ್ತು ಸಾಲು) ಬಳಸಿ. ಒಂದು ಸಾಲು ಜೀವಕೋಶಗಳಿಲ್ಲದ್ದು, ಒಂದು ಸಾಲು ಔಷಧ ಇಲ್ಲದೆ ಬರೀ ಡಿಎಂಎಸ್‌ಒ ಹಾಕಿದ್ದು, ಉಳಿದ ಎಂಟು ಸಾಲಿನಲ್ಲಿ ಎರಡು ಔಷಧಗಳ ಎಂಟೆಂಟು ಪ್ರಮಾಣ, ಮೂರು ಮೂರು ಪ್ರತಿ. ಯಕೃತ್ತಿನ ಕ್ಯಾನ್ಸರಿನ ಹೆಪ್‌ಜಿ2 ಆದರೆ ವೆಲ್‌ಗೆ 10,000ದಷ್ಟು ಜೀವಕೋಶ, ಹೆಲಾ ಆದರೆ 3,000ದಿಂದ 5,000. ಮೂರು ದಿನದ ಪರೀಕ್ಷೆಗೆ ಇನ್ನೂ ಕಡಿಮೆ ಹಾಕಬೇಕು, ಇಲ್ಲವಾದರೆ ನಿಯಂತ್ರಣ ವೆಲ್ ತುಂಬಿ ಬೆಳವಣಿಗೆ ತಾನಾಗಿಯೇ ನಿಲ್ಲುತ್ತದೆ.

ಡಿಎಂಎಸ್‌ಒ ಎಲ್ಲ ವೆಲ್‌ನಲ್ಲೂ ಒಂದೇ ಪ್ರಮಾಣದಲ್ಲಿರಬೇಕು, 0.5% ಮೀರಬಾರದು, 0.1% ಆದರೆ ಇನ್ನೂ ನಿಶ್ಚಿಂತೆ. ಪ್ರತಿ ಮಿ.ಲೀ.ಗೆ 100 ಮಿ.ಗ್ರಾಂ ಇರುವ ಸಾರದ ಸ್ಟಾಕ್‌ನಿಂದ 500 ಮೈಕ್ರೋಗ್ರಾಂ ತಲುಪುವಾಗಲೇ 0.5% ಆಗಿಹೋಗಿರುತ್ತದೆ. 1,000 ಮೈಕ್ರೋಗ್ರಾಂನಲ್ಲಿ ಕಂಡ ಸಾವು ಸಾರದ್ದೋ ದ್ರಾವಕದ್ದೋ ಹೇಳುವುದು ಕಷ್ಟ. ಅಷ್ಟು ಪ್ರಮಾಣದಲ್ಲಿ ಕೊಲ್ಲುವುದನ್ನು ಔಷಧ ಎಂದು ಕರೆಯುವುದೂ ಅತಿಯಾಯಿತು. ಹೋಲಿಕೆಗೆ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್ ಇಡುವವರು ಅದನ್ನು ಡಿಎಂಎಸ್‌ಒದಲ್ಲಿ ಕರಗಿಸಲೇಬಾರದು. ಡಿಎಂಎಸ್‌ಒ ಪ್ಲಾಟಿನಂಗೆ ಅಂಟಿಕೊಂಡು ಔಷಧದ ಹಲ್ಲು ಕಿತ್ತುಬಿಡುತ್ತದೆ. 0.9% ಸಲೈನಿನಲ್ಲಿ ಕರಗಿಸಿ ಕತ್ತಲಲ್ಲಿ ಇಡಿ, ಫ್ರಿಜ್ಜಿಗೆ ಹಾಕಬೇಡಿ, ಹರಳುಗಟ್ಟುತ್ತದೆ. ಇನ್ನೊಂದು ಕ್ಯಾನ್ಸರ್ ಔಷಧ ಡಾಕ್ಸೋರುಬಿಸಿನ್‌ಗೆ ತನ್ನದೇ ಕೆಂಪು ಬಣ್ಣ ಇರುವುದರಿಂದ ಜೀವಕೋಶಗಳಿಲ್ಲದ ವೆಲ್‌ನಲ್ಲಿ ಅದನ್ನೂ ಓದಿ ಕಳೆಯಬೇಕು.

ಜೀವಕೋಶ ಯಾವುದು ಎಂಬುದೇ ತಪ್ಪಾಗಿದ್ದರೆ ಉಳಿದದ್ದೆಲ್ಲ ವ್ಯರ್ಥ. "ಸಾಮಾನ್ಯ ಯಕೃತ್ತಿನ ಜೀವಕೋಶ" ಎಂದು ನಮ್ಮಲ್ಲಿ ಧಾರಾಳವಾಗಿ ಬಳಸುವ ಡಬ್ಲ್ಯುಆರ್‌ಎಲ್-68 ಮತ್ತು ಚಾಂಗ್ ಲಿವರ್ ಎರಡೂ ಅಸಲಿಗೆ ಹೆಲಾ, ಅಂದರೆ ಗರ್ಭಕಂಠದ ಕ್ಯಾನ್ಸರ್ ಜೀವಕೋಶ. ಹೆಪ್‌ಜಿ2 ಸತ್ತು ಡಬ್ಲ್ಯುಆರ್‌ಎಲ್-68 ಉಳಿಯಿತು, ಆದ್ದರಿಂದ ಸಾರ ಕ್ಯಾನ್ಸರನ್ನು ಮಾತ್ರ ಆರಿಸಿ ಕೊಲ್ಲುತ್ತದೆ ಎಂದು ಬರೆದರೆ, ಕ್ಯಾನ್ಸರನ್ನು ಕ್ಯಾನ್ಸರಿಗೇ ಹೋಲಿಸಿದಂತಾಯಿತು. ಪುಣೆಯ ಎನ್‌ಸಿಸಿಎಸ್‌ನಂಥ ಜೀವಕೋಶ ಸಂಗ್ರಹದಿಂದ ತರಿಸಿ, ಜೀವಕೋಶದ ಗುರುತು ಹೇಳುವ ಎಸ್‌ಟಿಆರ್ ಎಂಬ ಡಿಎನ್‌ಎ ಪರೀಕ್ಷೆಯ ವಿವರ ಕೇಳಿ ಇಟ್ಟುಕೊಳ್ಳಿ. ಪಕ್ಕದ ಲ್ಯಾಬಿನಿಂದ ಕೈಸಾಲ ತಂದ ಫ್ಲಾಸ್ಕಿನ ಜೊತೆ ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ ಉಚಿತವಾಗಿ ಬರುವುದುಂಟು. ಅದೂ ಟೆಟ್ರಾಜೋಲಿಯಂ ಓದನ್ನು ಕೆಡಿಸುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಪಿಸಿಆರ್ ಮಾಡಿಯೇ ಹಿಡಿಯಬೇಕು.

ಹೆಪ್‌ಜಿ2 ಅಸಲಿಯಾಗಿದ್ದರೂ ಯಕೃತ್ತಿನ ಸುರಕ್ಷತೆಗೆ ಸಾಕ್ಷಿಯಾಗಿ ಅದೊಂದೇ ಸಾಲದು. ಔಷಧವನ್ನು ವಿಷವಾಗಿ ಮಾರ್ಪಡಿಸುವ ಸೈಟೋಕ್ರೋಮ್ ಪಿ450 ಕಿಣ್ವಗಳು ಅದರಲ್ಲಿ ತೀರಾ ಕಡಿಮೆ. ಹಾಗಾಗಿ ಪ್ಯಾರಾಸಿಟಮಾಲ್‌ನಂಥದ್ದೂ ಸಾಧುವಾಗಿ ಕಾಣುತ್ತದೆ. ಹೆಪಾಆರ್‌ಜಿ ಎಂಬ ಯಕೃತ್ತಿನ ಜೀವಕೋಶ ಅಥವಾ ಮಾನವ ಯಕೃತ್ತಿನಿಂದ ನೇರ ತೆಗೆದ ಹೆಪಟೊಸೈಟ್ ಇದಕ್ಕೆ ಉತ್ತಮ, ಖರ್ಚು ಮಾತ್ರ ಹಲವು ಪಟ್ಟು. ಮೈಟೋಕಾಂಡ್ರಿಯದ ಹಾನಿ ಹುಡುಕುವುದಾದರೆ ಹೆಪ್‌ಜಿ2ನ್ನೇ ಗ್ಲೂಕೋಸ್ ಬದಲು 10 ಮಿಲಿಮೋಲಾರ್ ಗ್ಯಾಲಕ್ಟೋಸ್ ಇರುವ ಮೀಡಿಯಂನಲ್ಲಿ ಬೆಳೆಸಿ, ಎರಡೂ ಪ್ಲೇಟನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಗ್ಯಾಲಕ್ಟೋಸಿನಲ್ಲಿ ಜೀವಕೋಶ ಶಕ್ತಿಗೆ ಮೈಟೋಕಾಂಡ್ರಿಯವನ್ನೇ ನೆಚ್ಚುವುದರಿಂದ, ಗ್ಲೂಕೋಸಿನಲ್ಲಿ ಬದುಕಿ ಗ್ಯಾಲಕ್ಟೋಸಿನಲ್ಲಿ ಸತ್ತರೆ ಏಟು ಬಿದ್ದಿರುವುದು ಮೈಟೋಕಾಂಡ್ರಿಯಕ್ಕೆ ಎಂದು ಅನುಮಾನಿಸಬಹುದು.

ಏನು ಕೊಳ್ಳುವುದು

ಶುದ್ಧ ಅಣುಗಳ ಮೇಲೆ ಕೆಲಸ ಮಾಡುವ, ಮಾಮೂಲಿ ರೀಡರ್ ಇರುವ ಲ್ಯಾಬಿಗೆ ಎಂಟಿಟಿ 1 ಗ್ರಾಂ, ಜೊತೆಗೆ ರೆಸಜುರಿನ್ 1 ಗ್ರಾಂ. ಗಿಡಮೂಲಿಕೆ ಸಾರವೇ ಮುಖ್ಯವಾದವರು ಮೊದಲು ಎಸ್‌ಆರ್‌ಬಿ ತೆಗೆದುಕೊಳ್ಳಿ, ಎಂಟಿಟಿ ಎರಡನೆಯದಾಗಿರಲಿ, ಸಿಸಿಕೆ-8ರ ದುಡ್ಡು ಉಳಿಸಿ. ವೈದ್ಯಕೀಯ ಸಾಧನಗಳನ್ನು ಐಎಸ್‌ಒ 10993-5ಕ್ಕೆ ತಕ್ಕಂತೆ ಪರೀಕ್ಷಿಸುವವರಿಗೆ ಆಯ್ಕೆ ಸಲೀಸು: ಆ ಮಾನದಂಡದ ಎಂಟಿಟಿ ಅನುಬಂಧವನ್ನೇ ಅಕ್ಷರಶಃ ಹಿಡಿದು, ಇಲಿಯ ಎಲ್929 ಜೀವಕೋಶಗಳ ಮೇಲೆ ಮಾಡಬಹುದು. ಬದುಕುಳಿಕೆ 70% ಕೆಳಗೆ ಇಳಿದರೆ ಸಾಧನ ವಿಷಕಾರಿ ಎಂದೇ ಲೆಕ್ಕ. ಎಟಿಪಿ ಕಿಟ್ ಸಾವಿರಾರು ಅಣುಗಳನ್ನು ಸೋಸುವ ಕಂಪನಿಗಳಿಗೆ, ಸ್ಫೆರಾಯ್ಡ್ ಬೆಳೆಸುವವರಿಗೆ.

ಡಿಎಂಎಸ್‌ಒ ಹೆಪ್ಪುಗಟ್ಟುವುದು 18.5 ಡಿಗ್ರಿಯಲ್ಲಿ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲೋ ಎ.ಸಿ. ಜೋರಾಗಿಟ್ಟ ಕೋಣೆಯಲ್ಲೋ ಬಾಟಲಿ ಕಲ್ಲಿನಂತೆ ನಿಂತಿದ್ದರೆ ಕೆಟ್ಟಿದೆ ಎಂದು ಎಸೆಯಬೇಡಿ. ಮುಚ್ಚಳ ಬಿಗಿಯಾಗಿರಲಿ, 37 ಡಿಗ್ರಿಯ ನೀರಿನಲ್ಲಿ ಪೂರ್ತಿ ಕರಗಿಸಿ, ಚೆನ್ನಾಗಿ ಕುಲುಕಿದ ಮೇಲೆಯೇ ಪಿಪೆಟ್ ಹಾಕಿ. ಕೈಗೆ ನೈಟ್ರೈಲ್ ಗ್ಲೌಸ್ ಕಡ್ಡಾಯ: ಎಂಟಿಟಿ ವಂಶವಾಹಿಗೆ ಹಾನಿ ಮಾಡಬಲ್ಲದೆಂಬ ಶಂಕೆ ಇರುವ ವಸ್ತು, ಡಿಎಂಎಸ್‌ಒ ತನ್ನಲ್ಲಿ ಕರಗಿದ್ದನ್ನು ಚರ್ಮ ದಾಟಿಸಿ ಒಳಗೊಯ್ಯುತ್ತದೆ.